ಹಸಿರು ಕಾರಿನ ಸದ್ದು

ಫೆಬ್ರವರಿ ೨, ಭಾನುವಾರ

ಕಾರು ಮುಗಿಯಿತು. ಬೆಳಿಗ್ಗೆ ಅಳಿಯಂದಿರು ಬಂದು ಬಾಗಿಲಿನ ಹಿಡಿ ಕೂರಿಸಿದರು. ಅದೊಂದೇ ಬಾಕಿ ಇತ್ತು. ಇಬ್ಬರೂ ಸುತ್ತ ನಡೆದು ನೋಡಿದೆವು. ಬಾಯಿಬಿಟ್ಟು ಹೊಗಳಲು ಇಬ್ಬರಿಗೂ ಬರುವುದಿಲ್ಲ. ಅವರು ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡರು. ಹಲ್ಲಿನ ಡಾಕ್ಟರು, ಗ್ರೀಸನ್ನೂ ಸೋಂಕಿನ ಹಾಗೆ ತೊಳೆಯುತ್ತಾರೆ. ಆಮೇಲೆ ಚೀಲ ಹೆಗಲಿಗೇರಿಸಿ, "ಹಾಗಾದ್ರೆ ಮುಗೀತು ಅನ್ನಿ ಮಾವ," ಎಂದರು.

"ಸದ್ದು ಕೇಳಿಸ್ಕೊಂಡ್ರಾ ಡಾಕ್ಟ್ರೇ?" ಎಂದೆ.

"ಏನಾಗಿದೆ ಸದ್ದಿಗೆ?"

"ಹೊಲಿಗೆ ಮೆಷಿನ್ ಥರ ಇದೆ."

ಸುಳ್ಳೇನಲ್ಲ. ಇದು ಹಳೆಯ ಕಾಲದ ರೇಸ್ ಕಾರೊಂದರ ನಕಲು. ಮೇಲಿನ ಮೈಯೆಲ್ಲ ಫೈಬರು. ಒಳಗಿರುವುದು ಸಂಸಾರಸ್ಥರು ಮಕ್ಕಳನ್ನು ಶಾಲೆಗೆ ಬಿಡುವ ಸಾಧಾರಣ ಕಾರಿನ ಎಂಜಿನ್ನು, ಸೈಲೆನ್ಸರೂ ಅದರದೇ. ನೋಡಲು ಹುಲಿ, ಬಾಯಿ ತೆರೆದರೆ ಮೇಕೆ. ಎಂಜಿನ್ನಿನ ಬಾಯಿಯಿಂದ ಬಾಲದವರೆಗೆ ಹೊಗೆ ಹೋಗುವ ದಾರಿಯನ್ನೆಲ್ಲ ಬದಲಿಸಬೇಕು, ಅಗಲದ ಪೈಪು ಹಾಕಬೇಕು, ಆಗ ಸದ್ದಿಗೆ ಎದೆ ಬರುತ್ತದೆ ಎಂದು ವಿವರಿಸಿದೆ. ಲಿಫ್ಟ್ ರಿಪೇರಿ ಮಾಡುತ್ತಲೇ ತಲೆ ನರೆತವನು ನಾನು. ವಿವರಿಸಲು ಹೊರಟರೆ ಎದುರಿಗಿದ್ದವರು ಎರಡು ಮಹಡಿ ನಡುವೆ ಸಿಕ್ಕಿಬಿದ್ದ ಹಾಗೆ.

"ಎಷ್ಟು ದಿನದ ಕೆಲಸ?"

"ಹಿಡಿಯುತ್ತೆ."

ಅವರು ಸ್ವಲ್ಪ ಹೊತ್ತು ಕಾರನ್ನೇ ನೋಡಿ ಚೀಲ ಕೆಳಗಿಟ್ಟರು.

ಇದನ್ನು ಒಂದೇ ಸಲ ಬರೆದುಬಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ಕಾರು ಮಗಳದು. ಅದರ ಅಸ್ಥಿಪಂಜರವನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು, "ಅಪ್ಪ, ನಾವಿಬ್ರೂ ಕಟ್ಟೋಣ," ಎಂದವಳು ಅವಳೇ. ಫೈಬರಿನ ಮೈಯನ್ನು ಉಜ್ಜಿ ಹಸಿರು ಬಣ್ಣ ಹೊಡೆದು ಮುಗಿಸಿದ್ದಳು. ಹೋದ ವರ್ಷ ಒಂದು ಬೆಳಿಗ್ಗೆ ತಲೆನೋವು ಅಂದಳಂತೆ. ಅಳಿಯಂದಿರು ಅಡುಗೆಮನೆಗೆ ಹೋಗಿ ನೀರು ತರುವಷ್ಟರಲ್ಲಿ ಮಾತು ನಿಂತಿತ್ತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲಿನಿಂದ ಅವರು ಭಾನುವಾರ ಬರತೊಡಗಿದರು. ನಾನು ಕರೆಯಲಿಲ್ಲ. ಯಾಕೆ ಬರುತ್ತೇನೆಂದು ಅವರೂ ಹೇಳಲಿಲ್ಲ. ಅರ್ಧ ಕಟ್ಟಿದ ಕಾರೊಂದು ಶೆಡ್ಡಿನಲ್ಲಿತ್ತು, ಅಷ್ಟೆ.

ಅವರು ಹೋದ ಮೇಲೆ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಆ ಕಾರಿಗೆ ಇಲ್ಲದ ಕಾಯಿಲೆ ಯಾಕ್ರೀ ಹುಡುಕ್ತೀರಾ?"

ಇವಳಿಗೆ ಮೆಕ್ಯಾನಿಕಲ್ ವಿಷಯ ತಿಳಿಯುವುದಿಲ್ಲ.

ಫೆಬ್ರವರಿ ೯, ಭಾನುವಾರ

ಹಳೆಯದನ್ನು ಬಿಚ್ಚಲು ಕೂತೆವು. ಎಂಜಿನ್ನಿಗೆ ಅಂಟಿಕೊಂಡ, ಹೊಗೆ ಹೊರಬರುವ ಎರಕದ ಕೊಳವೆ, ಮ್ಯಾನಿಫೋಲ್ಡು. ಕಾದು ತಣಿದು, ಕಾದು ತಣಿದು ನಟ್ಟುಗಳೆಲ್ಲ ಹಲ್ಲು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಕಾದೆವು. ಒಂದೊಂದೇ ಮಣಿದವು, ಆದರೆ ಮೂಲೆಯ ಒಂದು ಬೋಲ್ಟು ಟಕ್ಕೆಂದು ಮುರಿದು ಅರ್ಧ ಒಳಗೇ ಉಳಿಯಿತು.

ನಾನು ಬೈದುಕೊಳ್ಳುತ್ತಿದ್ದರೆ ಅಳಿಯಂದಿರು ಚೀಲದಿಂದ ಕ್ಲಿನಿಕ್ಕಿನ ಪುಟ್ಟ ಕನ್ನಡಿ ತೆಗೆದು ಒಳಗೆ ಇಣುಕಿದರು. "ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ," ಎಂದು ಎಂಜಿನ್ನಿಗೆ ಹೇಳಿದರು. ಅಭ್ಯಾಸಬಲ. ಸಣ್ಣ ಡ್ರಿಲ್ ಹಿಡಿದು, ಉಸಿರು ಬಿಗಿಹಿಡಿದು, ಮಧ್ಯಾಹ್ನದವರೆಗೆ ಕೂತು ಮುರಿದ ತುಂಡನ್ನು ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದರು.

"ಬೇರು ಸಮೇತ ಬಂತು. ಅರಿವಳಿಕೆ ಕೊಡದೆ ಕಿತ್ತಿದ್ದು ಇದೇ ಮೊದಲು ಮಾವ."

ನಕ್ಕುಬಿಟ್ಟೆವು. ಇಬ್ಬರೂ, ಜೋರಾಗಿ. ಆಮೇಲೆ ಇಬ್ಬರಿಗೂ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಅಡುಗೆಮನೆಯ ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿತು.

ಫೆಬ್ರವರಿ ೧೨, ಬುಧವಾರ

ಇವಳು ಮಗಳ ಕೋಣೆಯ ಹಾಸಿಗೆ ಬಟ್ಟೆ ಬದಲಿಸಿದಳು. ಮಲಗದ ಹಾಸಿಗೆಗೆ ವಾರಕ್ಕೊಮ್ಮೆ ಹೊಸ ಬಟ್ಟೆ. ಹೊಗೆ ನಳಿಗೆಯ ಮಸಿಯನ್ನು ನಾನು ತಿಕ್ಕುತ್ತಿದ್ದೆ. ಇಬ್ಬರಿಗೂ ಕೆಲಸವಿದೆ.

ಫೆಬ್ರವರಿ ೧೬, ಭಾನುವಾರ

ಅಳಿಯಂದಿರು ಬರಲಿಲ್ಲ. ಫೋನೂ ಇಲ್ಲ.

ಫೆಬ್ರವರಿ ೨೩, ಭಾನುವಾರ

ಬಂದರು. ಜ್ವರವಿತ್ತಂತೆ. ಒಂಟಿ ಮನೆಯಲ್ಲಿ ಜ್ವರ ಬಂದರೆ ಹೇಳುವುದಲ್ಲವೇ ಎಂದೆ. "ಹೇಳಿ ಏನ್ಮಾಡೋದು ಮಾವ, ನೀವು ಬಂದು ಬೋಲ್ಟ್ ಬಿಗಿ ಮಾಡ್ತೀರಾ?" ಎಂದರು. ಗಂಟಲು ಇನ್ನೂ ಕಟ್ಟಿತ್ತು. ಮುಖ ಇಳಿದುಹೋಗಿದೆ.

ಹಳೆಯ ಮ್ಯಾನಿಫೋಲ್ಡಿನ ಬದಲು ತರಿಸಿದ ಹೊಸ ಹೆಡರ್ ಕೂರಿಸಿ ನೋಡಿದೆವು. ನಾಲ್ಕು ಕೊಳವೆ ಬಂದು ಒಂದಾಗುವ ಹೊಳೆಯುವ ಸಾಮಾನು, ನೋಡಲು ಚಂದ. ಆದರೆ ಸ್ಟೀರಿಂಗ್ ಕೋಲಿಗೆ ತಾಗುತ್ತದೆ. ಎಷ್ಟು ತಿರುಗಿಸಿದರೂ ಒಂದು ಬೆರಳಿನಷ್ಟು ಜಾಗ ಸಾಲದು. ಪೈಪು ಬಗ್ಗಿಸುವವನ ಹತ್ತಿರ ಒಯ್ದು ಕತ್ತರಿಸಿ ಬೇರೆ ತಿರುವು ಕೊಡಿಸಬೇಕು. ಇನ್ನೂ ಒಂದಷ್ಟು ವಾರ.

ಬೇಸರವಾಯಿತು ಎಂದು ಬರೆಯಬೇಕು. ಆಗಲಿಲ್ಲ.

ಮಾರ್ಚ್ ೯, ಭಾನುವಾರ

ಇವತ್ತು ಜಗಳವಾಯಿತು. ಪೈಪು ಎಲ್ಲಿಂದ ಹೊರಬರಬೇಕು ಎಂಬುದರ ಮೇಲೆ. ನಾನು ಕಾರಿನ ಅಡಿಯಲ್ಲಿ ನೇರ ಹಿಂದಕ್ಕೆ ಎಂದೆ. ಅಳಿಯಂದಿರು, ಪಕ್ಕದಿಂದ, ಬಾಗಿಲಿನ ಕೆಳಗೆ ಎಂದರು.

"ಹತ್ತಿ ಇಳಿಯುವಾಗ ಕಾಲು ಸುಡುತ್ತೆ. ಮೇಲೆ ಫೈಬರು. ಬಿಸಿ ತಡೆಯಲ್ಲ," ಎಂದೆ.

"ಅವಳಿಗೆ ಪಕ್ಕದಲ್ಲೇ ಬೇಕಿತ್ತು ಮಾವ."

"ನನ್ ಹತ್ರ ಹೇಳಿಲ್ಲ."

"ನನ್ ಹತ್ರ ಹೇಳಿದ್ಲು."

ಯಾವಾಗ ಹೇಳಿದಳು, ಎಲ್ಲಿ ಕೂತು ಹೇಳಿದಳು, ನಗುತ್ತಾ ಹೇಳಿದಳೇ, ಕೇಳಬೇಕೆನಿಸಿತು. ಇವರ ಹತ್ತಿರ ನನ್ನ ಮಗಳ ಎಷ್ಟೋ ಮಾತುಗಳಿವೆ, ನನಗೆ ಸಿಗದವು. ಗೋಡೆಯ ಕಡೆ ತಿರುಗಿ ಉಪಕರಣಗಳನ್ನು ಜೋಡಿಸುತ್ತಾ ನಿಂತೆ. ಎಲ್ಲ ಆಗಲೇ ಜೋಡಿಸಿದ್ದೇ.

ಪಕ್ಕದಿಂದಲೇ ಬರಲಿ ಎಂದೆ ಕೊನೆಗೆ.

ಊಟಕ್ಕೆ ಒಳಗೆ ಕರೆದೆ. ಇವಳು ಬಡಿಸಿದಳು, ಸಾಕೇ ಎಂದು ಕೇಳಿದಳು, ಅಷ್ಟೆ. ಅವರು ಸಾಕು ಎಂದರು, ಅಷ್ಟೆ. ಬ್ಯಾಂಕಿನ ಕೌಂಟರಿನಲ್ಲಿ ಇದಕ್ಕಿಂತ ಹೆಚ್ಚು ಮಾತಾಗುತ್ತದೆ.

ಮಾರ್ಚ್ ೨೩, ಭಾನುವಾರ

ಹೆಡರ್ ಕೂತಿತು. ಹೊಗೆ ಸೋರದ ಹಾಗೆ ಗ್ಯಾಸ್ಕೆಟ್ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಪಕ್ಕದ ಪೈಪೂ ಸೇರಿತು. ಸೈಲೆನ್ಸರ್ ಇನ್ನೂ ಬಂದಿಲ್ಲ. ಇಲ್ಲದೆಯೇ ಒಂದು ಸಲ ನೋಡೋಣ ಎಂದು ಚಾಲೂ ಮಾಡಿದೆ. ಅಬ್ಬಬ್ಬಾ! ಶೆಡ್ಡಿನ ತಗಡು ನಡುಗಿತು, ಕಪಾಟಿನ ಮೇಲಿನ ಡಬ್ಬಿಗಳು ಕೆಳಗುರುಳಿದವು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ತಲೆಯೆತ್ತಿ ಏನೋ ಅಂದಳು. ಬಾಯಿ ಮಾತ್ರ ಕಂಡಿತು, ಪುಣ್ಯ.

ಆರಿಸಿದ ಮೇಲೆ ಅಳಿಯ ಬಗ್ಗಿ ಪೈಪಿನ ಜೋಡಣೆ ಮುಟ್ಟಿ ನೋಡಲು ಕೈ ಚಾಚಿದ. ಕೆಂಪಗೆ ಕಾಣದಿದ್ದರೂ ಚರ್ಮ ಸುಲಿಯುವಷ್ಟು ಬಿಸಿ.

"ಲೋ! ಕೈ ತೆಗಿಯೋ! ಬುದ್ಧಿ ಇಲ್ವಾ ನಿಂಗೆ?" ಎಂದು ಅವನ ಮಣಿಕಟ್ಟು ಹಿಡಿದೆಳೆದೆ. "ಈ ಕೈ ಸುಟ್ಟುಕೊಂಡ್ರೆ ಜನರ ಹಲ್ಲು ಯಾರು ಕೀಳ್ತಾರೆ, ನಾನಾ?"

ಅವನು ನನ್ನನ್ನೇ ನೋಡಿದ, ಆಮೇಲೆ ನಕ್ಕ. ಯಾಕೆ ನಕ್ಕನೋ ತಿಳಿಯಲಿಲ್ಲ. ಕಣ್ಣಿನಲ್ಲಿ ನೀರಿತ್ತು, ಹೊಗೆಗೆ ಇರಬೇಕು.

ಏಪ್ರಿಲ್ ೬, ಭಾನುವಾರ

ಸೈಲೆನ್ಸರ್ ಹಾಕಿದೆವು. ಪೈಪುಗಳ ಜೋಡಣೆ ಬಿಗಿಯುವ ಕ್ಲಾಂಪು, ರಬ್ಬರಿನ ತೂಗುಹಿಡಿ, ಎಲ್ಲ. ಊಟದ ಹೊತ್ತಿಗೆ ಮುಗಿದುಹೋಯಿತು. ಮುಗಿಯುತ್ತದೆಂದು ಯೋಚಿಸಿರಲಿಲ್ಲ.

ಸದ್ದು ಈಗ ಸರಿಯಾಗಿದೆ. ನಿಂತಲ್ಲಿ ಗುರುಗುಟ್ಟುತ್ತದೆ, ಕಾಲು ಒತ್ತಿದರೆ ಎದೆಯ ಮೂಳೆಗೆ ಬಂದು ತಾಗುತ್ತದೆ. ಅವಳಿಗೆ ಕೇಳಿಸಬೇಕಿತ್ತು.

ಊಟದ ಮಧ್ಯೆ ಅವನಿಗೆ ಫೋನು ಬಂತು. ಎದ್ದು ಗೇಟಿನವರೆಗೆ ಹೋಗಿ ಮಾತಾಡಿದ. ಕಿಟಕಿಯಿಂದ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ನಗುತ್ತಿತ್ತು.

"ಹೆಂಗಸಿನ ಫೋನು," ಎಂದಳು ಇವಳು ತಟ್ಟೆ ಎತ್ತುತ್ತಾ.

"ಪೇಷೆಂಟ್ ಇರ್ತಾರೆ."

"ಪೇಷೆಂಟ್ ಹತ್ರ ಯಾರೂ ಚಪ್ಪಲಿ ತುದೀಲಿ ಮಣ್ಣು ಕೆದಕ್ತಾ ಮಾತಾಡಲ್ಲ."

ಹೊರಡುವಾಗ ಮುಂದಿನ ವಾರ ಬರುತ್ತೇನೆಂದು ಅವನು ಹೇಳಲಿಲ್ಲ. ನಾನೇ "ಒಂದು ವಾರ ಓಡಿಸಿ ನೋಡ್ತೀನಿ, ಏನಾದ್ರೂ ಇದ್ರೆ ಫೋನ್ ಮಾಡ್ತೀನಿ," ಎಂದೆ.

ಏಪ್ರಿಲ್ ೧೨, ಶನಿವಾರ

ಮಧ್ಯಾಹ್ನ ಕಾರಿನ ಕೆಳಗೆ ತೂರಿ ಬಾಗಿಲಿನ ಕೆಳಗಿರುವ ಕ್ಲಾಂಪಿನ ನಟ್ಟು ಸಡಿಲಿಸಿದೆ. ಅರ್ಧ ಸುತ್ತು. ಆಮೇಲೆ ಚಾಲೂ ಮಾಡಿದರೆ ಪಟಪಟ ಎಂದು ಹೊಗೆ ಸೋರಿತು.

ಅಳಿಯನಿಗೆ ಫೋನ್ ಮಾಡಿ ಸೋರುತ್ತಿದೆ ಎಂದೆ. ಸೋರುತ್ತಿರುವುದು ನಿಜ.

ಏಪ್ರಿಲ್ ೧೩, ಭಾನುವಾರ

ಬಂದ. ಸಾಯಂಕಾಲದವರೆಗೆ ಇದ್ದ. ಜೋಡಣೆ ಬಿಚ್ಚಿ ಉಜ್ಜಿ ಮತ್ತೆ ಕೂರಿಸಿದೆವು. ಹೊಸ ಡೆಂಟಲ್ ಕುರ್ಚಿ ತಾನಾಗಿ ಹಿಂದಕ್ಕೆ ಮಲಗಿಬಿಡುತ್ತದೆಂದೂ, ಮೊನ್ನೆ ಒಬ್ಬ ದಪ್ಪ ಮನುಷ್ಯರು ಬಾಯಿ ತೆರೆದುಕೊಂಡೇ ಅಂಗಾತ ಆದರೆಂದೂ ಹೇಳಿದ. ಮೋಟರನ್ನು ಸರಿಯಾದಲ್ಲಿ ನಿಲ್ಲಿಸುವ ಮಿತಿ ಸ್ವಿಚ್ಚು ನೋಡು ಎಂದೆ, ಲಿಫ್ಟಿನಲ್ಲೂ ಅದೇ ಕಾಯಿಲೆ. ಒಳ್ಳೆಯ ದಿನ.

ಏಪ್ರಿಲ್ ೨೬, ಶನಿವಾರ

ಮತ್ತೆ ಸಡಿಲಿಸಿದೆ. ಈ ಸಲ ಸ್ವಲ್ಪ ಹೆಚ್ಚು. ಸೋರುವುದು ಸಾಲದೆನಿಸಿ ಗೋದಾಮಿನ ರಸ್ತೆಯವರೆಗೆ ಓಡಿಸಿಕೊಂಡು ಹೋದೆ. ಬರುವಾಗ ವಾಸನೆ ಬಂತು. ಪ್ಲಾಸ್ಟಿಕ್ ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಬಾಗಿಲಿನ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿದೆ. ಅಂಗೈಯಷ್ಟು ಅಗಲ. ಹಸಿರು ಕಂದಾಗಿ, ನಡುವೆ ಕಪ್ಪಾಗಿ, ಫೈಬರಿನ ನೂಲು ಹೊರಗೆ ಕಾಣುತ್ತಿದೆ.

ಆ ಅಂಚನ್ನು ಅವಳು ಮಂಡಿಯೂರಿ ಕೂತು ಉಜ್ಜಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹುಬ್ಬಿನ ಮೇಲೆಲ್ಲ ಹಸಿರು ಪುಡಿ.

ರಸ್ತೆಯ ಪಕ್ಕ ಕೂತುಬಿಟ್ಟೆ. ದಾರಿಹೋಕನೊಬ್ಬ ತಳ್ಳಲು ಬರಲೇ ಎಂದು ಕೇಳಿದ. ಬೇಡ, ಓಡುತ್ತೆ ಎಂದೆ.

ಏಪ್ರಿಲ್ ೨೭, ಭಾನುವಾರ

ಅವನು ಗುಳ್ಳೆಯನ್ನು ನೋಡಿದ. ಕಾರಿನ ಕೆಳಗೆ ತೂರಿದ. ತುಂಬ ಹೊತ್ತು ಬೂಟು ಮಾತ್ರ ಕಾಣುತ್ತಿತ್ತು. ಹೊರಬಂದು ನೆಲದ ಮೇಲೇ ಕೂತ.

"ಮಾವ, ಇದು ತಾನಾಗಿ ಸಡಿಲ ಆಗಿದ್ದಲ್ಲ. ನಟ್ಟಿನ ಮೇಲೆ ಸ್ಪ್ಯಾನರ್ ಗುರುತು ಹೊಸದು."

ನಾನು ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದೆ.

"ಹೋದ ಸಲಾನೂ ಹಾಗೇ ಇತ್ತು. ಗೊತ್ತಾಗಿತ್ತು."

"ಗೊತ್ತಿದ್ರೂ ಯಾಕೆ ಇಡೀ ದಿನ ಕೂತು ಉಜ್ಜಿದೆ?"

ಅವನು ನೆಲದ ಮೇಲಿನ ಎಣ್ಣೆಯ ಕಲೆಗೆ ಬೆರಳಿನಿಂದ ಗೆರೆ ಎಳೆಯುತ್ತಾ ಇದ್ದ. ಆಮೇಲೆ ಹೇಳಿದ. ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಕ್ಲಿನಿಕ್ಕನ್ನು ಗೆಳೆಯನಿಗೆ ಬಿಡುತ್ತಾನೆ. ಅಲ್ಲಿ ಒಬ್ಬಾಕೆ ಇದ್ದಾಳೆ, ಹಿಂದೆ ಜೊತೆಗೆ ಓದಿದವಳು. ಮುಂದಿನ ತಿಂಗಳು ಹೊರಡುತ್ತಾನೆ.

"ಪ್ರತಿ ಭಾನುವಾರ ಹೇಳಿಬಿಡಬೇಕು ಅಂತಲೇ ಬರ್ತಿದ್ದೆ ಮಾವ. ಇಲ್ಲಿ ಬಂದು ನಿಮ್ ಮುಖ ನೋಡಿದ್ರೆ ಆಗ್ತಿರಲಿಲ್ಲ. ಬೋಲ್ಟ್ ಬಿಗಿ ಮಾಡಿ ವಾಪಸ್ ಹೋಗ್ತಿದ್ದೆ."

"ಒಳ್ಳೆಯವಳಾ?" ಎಂದೆ. ಬೇರೆ ಏನು ಕೇಳುವುದು?

"ಒಳ್ಳೆಯವಳು."

"ಸರಿ. ಹಾಗಾದ್ರೆ ಆ ಸ್ಪ್ಯಾನರ್ ಕೊಡಿಲ್ಲಿ."

ಅವನು ಕೊಡಲಿಲ್ಲ. ತಾನೇ ಮತ್ತೆ ಕೆಳಗೆ ಮಲಗಿ ನಟ್ಟು ಬಿಗಿದ.

ಮೇ ೧, ಗುರುವಾರ

ಏನೂ ಇಲ್ಲ.

ಮೇ ೪, ಭಾನುವಾರ

ಸಾಮಾನು ಕಟ್ಟುವುದಿದೆಯಂತೆ, ಬರಲಿಲ್ಲ. ಇವಳಿಗೆ ಇವತ್ತು ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದಳು.

"ನಂಗೆ ಆವತ್ತೇ ಗೊತ್ತಾಯ್ತು," ಎಂದಳು. ಮಡಚುವುದು ನಿಲ್ಲಲಿಲ್ಲ. "ಇನ್ನೂ ಚಿಕ್ಕ ವಯಸ್ಸು. ಎಷ್ಟು ದಿನ ಅಂತ ಹಾಗೇ ಇರ್ತಾನೆ."

"ಹೂಂ."

"ಅವನಿಗೆ ಇನ್ನೊಬ್ಬಳು ಹೆಂಡತಿ ಸಿಗ್ತಾಳೆ. ನಮಗೆ?"

ಮಡಚಿಟ್ಟ ಬಟ್ಟೆಗಳಲ್ಲಿ ಮಗಳ ಒಂದು ಹಳೆಯ ಅಂಗಿಯೂ ಇತ್ತು. ಹಾಕದ ಅಂಗಿ ಒಗೆಯಲು ಯಾಕೆ ಬಿತ್ತೆಂದು ಕೇಳಲಿಲ್ಲ.

ಮೇ ೧೮, ಭಾನುವಾರ

ಕೊನೆಯ ಸಲ ಬಂದ. ತಗಡಿನ ಒಂದು ಉದ್ದ ಪಟ್ಟಿ ಕತ್ತರಿಸಿಕೊಂಡು ತಂದಿದ್ದ. ಪೈಪಿಗೂ ಫೈಬರಿಗೂ ಮಧ್ಯೆ ಕೂರಿಸಿದೆವು. ಇನ್ನು ಬಿಸಿ ತಾಗುವುದಿಲ್ಲ, ಕಾಲೂ ಸುಡುವುದಿಲ್ಲ. ಮೊದಲೇ ಮಾಡಬೇಕಾದ ಕೆಲಸ.

ಸುಟ್ಟ ಜಾಗಕ್ಕೆ ಬಣ್ಣ ಹೊಡೆದುಕೊಡುತ್ತೇನೆ ಎಂದ. ಅದೇ ಹಸಿರು ಸಿಗುವುದಿಲ್ಲ, ಅವಳು ಎರಡು ಡಬ್ಬಿ ಬೆರೆಸಿ ಮಾಡಿಕೊಂಡದ್ದು, ಎಷ್ಟೆಷ್ಟು ಎಂದು ನನಗೆ ಹೇಳಿಲ್ಲ. "ನಿನ್ ಹತ್ರ ಹೇಳಿದ್ಲಾ?" ಎಂದೆ. "ಇಲ್ಲ," ಎಂದ. ಇಬ್ಬರಿಗೂ ಸಿಗದ ಮಾತು ಒಂದಾದರೂ ಇದೆ.

ಕಾರು ತೆಗೆದುಕೊಂಡು ಹೋಗು, ನಿನಗೂ ಸೇರಿದ್ದು ಎಂದು ಕೀಲಿ ಚಾಚಿದೆ. ಅವನು ಕೀಲಿ ಹಿಡಿದ ನನ್ನ ಕೈಯನ್ನೇ ಎರಡೂ ಕೈಗಳಲ್ಲಿ ಮುಚ್ಚಿದ.

"ಅಲ್ಲಿಗೆ ತಗೊಂಡು ಹೋದ್ರೆ ಎಲ್ಲಿ ನಿಲ್ಲಿಸ್ಲಿ ಮಾವ?"

ನಿಜವೇ. ಆ ಮನೆಯಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಹೊರಡುವಾಗ ಇವಳು ಬಾಗಿಲಿಗೆ ಬಂದಳು. "ಜ್ವರ ಗಿರ ಬಂದೀತು, ನೆನೆದ ಬಟ್ಟೇಲಿ ಓಡಾಡ್ಬೇಡಪ್ಪ," ಎಂದಳು. ಅವನು ತಲೆಯಾಡಿಸಿದ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡುತ್ತಾನೆಂದು ನಿಂತಿದ್ದೆ. ನೋಡಲಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ.

ಮೇ ೨೫, ಭಾನುವಾರ

ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಹಗಲೆಲ್ಲ ಮಲಗಿದ್ದೆ.

ಜೂನ್ ೧, ಭಾನುವಾರ

ಬೆಳಿಗ್ಗೆ ಕಾರಿನ ಧೂಳು ಒರೆಸುತ್ತಿದ್ದೆ. ಇವಳು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಮಗಳು ಹೋದ ಮೇಲೆ ಇತ್ತ ಕಾಲಿಟ್ಟವಳಲ್ಲ. ಸುಟ್ಟ ಅಂಚನ್ನು ನೋಡಿದಳು, ಮುಟ್ಟಲಿಲ್ಲ.

"ಒಂದು ಸುತ್ತು ಕರ್ಕೊಂಡು ಹೋಗ್ರಿ."

"ಎಲ್ಲಿಗೆ?"

"ಎಲ್ಲಿಗಾದ್ರೂ."

ಕೂರಿಸುವುದೇ ಒಂದು ಸಾಹಸವಾಯಿತು. "ಇದೇನ್ರೀ, ನೆಲದ ಮೇಲೆ ಕೂತ ಹಾಗಿದೆ, ಏಳಿಸೋಕೆ ಜನ ಕರೀಬೇಕು," ಎಂದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ನಮ್ಮ ಬೀದಿಯಲ್ಲಿ ಮೆಲ್ಲಗೆ ಹೋದೆ. ಮುಚ್ಚಿದ ಅಂಗಡಿಗಳು ಕಳೆದವು. ಗೋದಾಮಿನ ರಸ್ತೆ ಬಂದ ಮೇಲೆ ಕಾಲು ಒತ್ತಿದೆ. ಸದ್ದು ಎದ್ದಿತು. ಎರಡೂ ಕಡೆಯ ಉದ್ದ ಗೋಡೆಗಳಿಗೆ ಬಡಿದು ದುಪ್ಪಟ್ಟಾಗಿ ವಾಪಸು ಬರತೊಡಗಿತು.

ಪಕ್ಕಕ್ಕೆ ನೋಡಿದರೆ ಇವಳ ಬಾಯಿ ತೆರೆದಿತ್ತು. ಏನೋ ಹೇಳುತ್ತಿದ್ದಾಳೆಂದು ಬಗ್ಗಿದೆ. "ಏನು?"

ಹೇಳುತ್ತಿರಲಿಲ್ಲ. ಅಳುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳುವ ಅಳುವಲ್ಲ. ಎದುರಿನ ಡ್ಯಾಶ್‌ಬೋರ್ಡಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕುತ್ತಿಗೆಯ ನರ ಉಬ್ಬಿಸಿ, ಎಳೆಮಗು ಅಳುವ ಹಾಗೆ ಬಾಯಿ ತೆರೆದು ಕೂಗುತ್ತಿದ್ದಳು. ಆಸ್ಪತ್ರೆಯಲ್ಲಿ ಅತ್ತವಳಲ್ಲ. ಮನೆಯಲ್ಲೂ ಇಲ್ಲ. ನಮ್ಮದು ಅಕ್ಕಪಕ್ಕದವರ ಜೊತೆ ಒಂದೇ ಗೋಡೆಯ ಮನೆ, ಕೆಮ್ಮಿದರೂ ಆಚೆ ಕೇಳುತ್ತದೆ. ಈಗ ಪಕ್ಕದಲ್ಲಿ ಕೂತ ನನಗೂ ಅವಳ ದನಿ ಒಂದಿಷ್ಟೂ ಕೇಳಿಸುತ್ತಿರಲಿಲ್ಲ.

ನಿಲ್ಲಿಸಲು ಕಾಲು ಎತ್ತಿದೆ. ಸದ್ದು ಇಳಿಯಿತು, ಅವಳ ದನಿ ಒಂದು ಕ್ಷಣ ಮೇಲೆದ್ದಿತು. ತಕ್ಷಣ ತಲೆಯಾಡಿಸಿ ನನ್ನ ಮಂಡಿಯ ಮೇಲೆ ಹೊಡೆದಳು. ಹೋಗ್ರಿ, ಹೋಗ್ರಿ ಎನ್ನುವ ಹಾಗೆ.

ಗೇರು ಒಂದು ಕೆಳಗಿಳಿಸಿ ಕಾಲು ಒತ್ತಿ ಹಿಡಿದೆ. ಎಂಜಿನ್ನು ಕಿರುಚಿತು. ಹಾಗೆ ಓಡಿಸಬಾರದು, ಅದಕ್ಕೆ ಒಳ್ಳೆಯದಲ್ಲ. ರಸ್ತೆ ಕೊನೆಯಾದಲ್ಲಿ ತಿರುಗಿಸಿಕೊಂಡು ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ನನ್ನ ಮುಖವೂ ಒದ್ದೆಯಾಗಿತ್ತು. ಕನ್ನಡಕ ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ.

ಪೆಟ್ರೋಲು ಮುಳ್ಳು ಇಳಿದಿತ್ತು. ಮನೆಯ ಕಡೆ ತಿರುಗಿಸಿದೆ. ನಮ್ಮ ಬೀದಿ ಬಂತು. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು ಕಿವಿ ಮುಚ್ಚಿಕೊಂಡದ್ದು ಕಂಡಿತು. ಇವಳ ಅಳು ಇನ್ನೂ ಮುಗಿದಿರಲಿಲ್ಲ. ಗೇರು ಬದಲಿಸದೆ, ಕಾಲು ಎತ್ತದೆ, ಮನೆಯನ್ನು ದಾಟಿ ಮುಂದೆ ಹೋದೆ.